ನಾಲ್ಕು ಕೋಟಿ ಅಂಕಿಯ ಸಂಖ್ಯೆ ಮತ್ತು ಹೋಟೆಲ್ ಗಲ್ಲೆಯ ಕ್ಯೂಆರ್ ಕೋಡ್

2024ರ ಅಕ್ಟೋಬರ್ 21ರಂದು ಹೊಸದೊಂದು ಅವಿಭಾಜ್ಯ ಸಂಖ್ಯೆಯ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಯ) ಸುದ್ದಿ ಹೊರಬಿತ್ತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ 1 ಕಳೆದರೆ ಆ ಸಂಖ್ಯೆ ಸಿಗುತ್ತದೆ. ಅದರಲ್ಲಿ 4,10,24,320 ಅಂಕಿಗಳಿವೆ. ಗೊತ್ತಿರುವ ಅವಿಭಾಜ್ಯ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು. ಇದಕ್ಕೂ ಮುಂಚೆ ಆ ಜಾಗದಲ್ಲಿದ್ದದ್ದು 2018ರ ಡಿಸೆಂಬರ್‌ನಲ್ಲಿ ಸಿಕ್ಕಿದ 2,48,62,048 ಅಂಕಿಯ ಸಂಖ್ಯೆ. ಸೆಕೆಂಡಿಗೆ ಒಂದು ಅಂಕಿಯಂತೆ, ಊಟ ನಿದ್ದೆ ಬಿಟ್ಟು ಹೊಸ ಸಂಖ್ಯೆಯನ್ನು ಓದಿದರೆ ಸುಮಾರು 475 ದಿನ ಬೇಕು.

ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಈ ಸುದ್ದಿ ಆಗಾಗ ಮತ್ತೆ ಬರುತ್ತಿರುತ್ತದೆ. ಬರುವಾಗ ಇನ್ನೊಂದು ಸಾಲನ್ನೂ ಸೇರಿಸಿಕೊಂಡು ಬರುತ್ತದೆ: ಇನ್ನು ಬ್ಯಾಂಕ್ ವ್ಯವಹಾರ ಪೂರ್ತಿ ಸುರಕ್ಷಿತ ಅಂತ. ಕೆಲವು ಸಲ ಇದಕ್ಕೆ ತೀರಾ ಉಲ್ಟಾ: ಇನ್ನು ಗುಪ್ತಲಿಪಿ ಒಡೆಯುವುದು ಸುಲಭ, ಹುಷಾರು ಅಂತ. ಎರಡೂ ತಪ್ಪು. ಮಾಟುಂಗಾದಲ್ಲಿ ಹೋಟೆಲ್ ನಡೆಸುವ, ಕುಂದಾಪುರ ಕಡೆಯ ಪರಿಚಯದವರೊಬ್ಬರು ನನ್ನನ್ನು ನೇರವಾಗಿ ಕೇಳಿದರು: "ಮಾಷ್ಟ್ರೇ, ಈ ನಂಬರ್ ಸಿಕ್ಕಿದ್ದರಿಂದ ನಮ್ಮ ಗಲ್ಲೆಯಲ್ಲಿರುವ ಕ್ಯೂಆರ್ ಕೋಡಿಗೆ ಎಂತ ಲಾಭ?" ನೇರ ಉತ್ತರ ಇಷ್ಟೇ: ಏನೂ ಇಲ್ಲ. ಆದರೆ ಅಷ್ಟು ಹೇಳಿ ಎದ್ದುಹೋಗಲು ಮನಸ್ಸು ಬರಲಿಲ್ಲ. ಆ ಸಂಖ್ಯೆ ಅವಿಭಾಜ್ಯ ಅಂತ ಹೇಗೆ ತಿಳಿಯಿತು ಎಂಬುದಕ್ಕೂ, ಗಲ್ಲೆಗೆ ಬರುವ ಹಣ ಯಾಕೆ ಸುರಕ್ಷಿತವಾಗಿ ಬರುತ್ತದೆ ಎಂಬುದಕ್ಕೂ ಬೇರು ಒಂದೇ. ಆ ಬೇರು ಈಗ ಅಲುಗಾಡುತ್ತಿದೆ. ಅದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಎಲ್ಲ ಒಂದುಗಳೇ

ಎರಡರ ಘಾತದಿಂದ ಒಂದು ಕಳೆದಾಗ ಸಿಗುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. 3, 7, 31, 127 ಇವೆಲ್ಲ ಆ ಜಾತಿಯವು. 1644ರಲ್ಲಿ ಮರೀನ್ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ, 257ರವರೆಗಿನ ಯಾವ ಯಾವ ಘಾತಾಂಕಕ್ಕೆ (ಅಂದರೆ ಎಷ್ಟು ಎರಡುಗಳನ್ನು ಗುಣಿಸಿದರೆ) ಅವಿಭಾಜ್ಯ ಸಿಗುತ್ತದೆ ಎಂಬ ಪಟ್ಟಿ ಕೊಟ್ಟ. ಅದರಲ್ಲಿ ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಆದರೂ ಹೆಸರು ಆತನದ್ದೇ ಉಳಿಯಿತು. ಈಗ ಸಿಕ್ಕಿರುವುದು ಆ ಜಾತಿಯಲ್ಲಿ ನಮಗೆ ಗೊತ್ತಿರುವ 52ನೇ ಅವಿಭಾಜ್ಯ.

ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಈ ಸಂಖ್ಯೆಯಲ್ಲಿ ಸೊನ್ನೆಯೇ ಇಲ್ಲ. 13,62,79,841 ಒಂದುಗಳು ಸಾಲಾಗಿ ನಿಂತಿರುತ್ತವೆ, ಅಷ್ಟೇ. ನಾವು ದಿನಾ ಬಳಸುವ ಅಂಕಿಗಳಲ್ಲಿ ಬರೆದರೆ 88169 ಅಂತ ಶುರುವಾಗಿ 51ಕ್ಕೆ ಮುಗಿಯುತ್ತದೆ. ಕೊನೆಯ ಅಂಕಿ ಕಂಡುಹಿಡಿಯಲು ಕಂಪ್ಯೂಟರ್ ಬೇಕಾಗಿಲ್ಲ. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕು ನಾಲ್ಕಕ್ಕೆ ಮರುಕಳಿಸುತ್ತದೆ. ನಮ್ಮ ಘಾತಾಂಕವನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಕೊನೆಯಲ್ಲಿ 2 ಬರುತ್ತದೆ, ಒಂದು ಕಳೆದರೆ 1. ಎಂಟನೇ ತರಗತಿಯ ಮಗುವೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ ಇದು. ಜಗತ್ತಿನ ಅತಿ ದೊಡ್ಡ ಅವಿಭಾಜ್ಯದ ಬಾಲ ಹಿಡಿಯಲು ಇಷ್ಟು ಸಾಕು ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಘಾತಾಂಕವೇ ಅವಿಭಾಜ್ಯ ಅಲ್ಲದಿದ್ದರೆ ಮರ್ಸೆನ್ ಸಂಖ್ಯೆಯೂ ಅವಿಭಾಜ್ಯ ಆಗುವುದಿಲ್ಲ. 6 ತೆಗೆದುಕೊಳ್ಳಿ. ಅದು 2 ಮತ್ತು 3ರ ಗುಣಲಬ್ಧ. ಎರಡರ ಆರನೇ ಘಾತದಲ್ಲಿ ಒಂದು ಕಡಿಮೆ ಅಂದರೆ 63. ಅದು 3ರಿಂದಲೂ ಭಾಗವಾಗುತ್ತದೆ, 7ರಿಂದಲೂ ಆಗುತ್ತದೆ. ಹಾಗಂತ ಘಾತಾಂಕ ಅವಿಭಾಜ್ಯ ಆಗಿಬಿಟ್ಟರೆ ಕೆಲಸ ಮುಗಿಯಿತು ಅಂತಲೂ ಅಲ್ಲ. 11 ಅವಿಭಾಜ್ಯ. ಆದರೆ ಅದರಿಂದ ಬರುವ 2047 ಅವಿಭಾಜ್ಯ ಅಲ್ಲ, 23 ಗುಣಿಸು 89. ಈ 23 ಮತ್ತು 89ರಲ್ಲಿ ಒಂದು ಗುಟ್ಟಿದೆ. ಎರಡರಿಂದಲೂ 1 ಕಳೆಯಿರಿ: 22 ಮತ್ತು 88. ಎರಡೂ 22ರ ಮಡಿಗಳು, ಅಂದರೆ 11ರ ಇಮ್ಮಡಿಯ ಮಡಿಗಳು. ಇದು ಆಕಸ್ಮಿಕ ಅಲ್ಲ, ನಿಯಮ. ನಮ್ಮ ದೊಡ್ಡ ಸಂಖ್ಯೆಗೆ ಅಪವರ್ತನವೊಂದು ಇದ್ದಿದ್ದರೆ ಅದು 27,25,59,682ರ ಯಾವುದೋ ಮಡಿಗಿಂತ ಒಂದು ಜಾಸ್ತಿಯೇ ಇರಬೇಕಿತ್ತು. 27 ಕೋಟಿಗಿಂತ ಕೆಳಗಿನ ಯಾವ ಸಂಖ್ಯೆಯಿಂದಲೂ ಭಾಗಿಸಿ ನೋಡುವ ಅಗತ್ಯವೇ ಇಲ್ಲ. ಆದ್ದರಿಂದ ಹುಡುಕುವವರು ಮೊದಲು ಈ ಬಗೆಯ ಸಣ್ಣ ಅಪವರ್ತನ ಇದೆಯಾ ಅಂತ ನೋಡುತ್ತಾರೆ. ಸಿಕ್ಕರೆ ಆ ಘಾತಾಂಕವನ್ನು ಅಲ್ಲಿಗೇ ಬಿಡುತ್ತಾರೆ.

ಭಾಗಿಸದೆ ತಿಳಿಯುವುದು

ಸಣ್ಣ ಅಪವರ್ತನ ಸಿಗಲಿಲ್ಲ ಅಂದರೆ ನಿಜವಾದ ಪರೀಕ್ಷೆ ಶುರು. ಇದನ್ನು 1876ರ ಸುಮಾರಿಗೆ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾಸ್ ಕಂಡುಕೊಂಡ. 1930ರಲ್ಲಿ ಅಮೆರಿಕದ ಡೆರಿಕ್ ಲೆಹ್ಮರ್ ಅದನ್ನು ಈಗಿನ ರೂಪಕ್ಕೆ ತಂದ. ವಿಧಾನ ಅಚ್ಚರಿ ಹುಟ್ಟಿಸುವಷ್ಟು ಸರಳ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ. ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಆ ಶೇಷವನ್ನು ಮತ್ತೆ ವರ್ಗ ಮಾಡಿ, 2 ಕಳೆಯಿರಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬರದಿದ್ದರೆ ಅಲ್ಲ. ಇದರಲ್ಲಿ "ಬಹುಶಃ" ಎಂಬ ಮಾತೇ ಇಲ್ಲ.

31ಕ್ಕೆ ಮಾಡಿ ನೋಡೋಣ. ಘಾತಾಂಕ 5, ಹಾಗಾಗಿ ಮೂರು ಹೆಜ್ಜೆ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಅದು 31ರ ಇಮ್ಮಡಿ, ಶೇಷ ಸೊನ್ನೆ. 31 ಅವಿಭಾಜ್ಯ. 2047ಕ್ಕೆ ಒಂಬತ್ತು ಹೆಜ್ಜೆ. ದಾರಿಯಲ್ಲಿ 14, 194, 788, 701, 119, 1877, 240, 282 ಬಂದು ಕೊನೆಗೆ 1736 ಉಳಿಯುತ್ತದೆ. ಸೊನ್ನೆ ಬರಲಿಲ್ಲ, ಹಾಗಾಗಿ ಅವಿಭಾಜ್ಯ ಅಲ್ಲ. ಗಮನಿಸಿ, ಈ ಲೆಕ್ಕದಲ್ಲಿ 23 ಅಥವಾ 89 ಎಲ್ಲೂ ಕಾಣಿಸಿಕೊಳ್ಳಲಿಲ್ಲ. ಒಡೆಯುತ್ತದೆ ಅಂತ ಗೊತ್ತಾಯಿತು. ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬ್ಯಾಂಕಿನ ವಿಷಯಕ್ಕೆ ಬಂದಾಗ ಇದೇ ಬೇಕು.

ಹೊಸ ಸಂಖ್ಯೆಗೆ ಇಂಥ 13,62,79,839 ಹೆಜ್ಜೆಗಳು ಬೇಕು. ಒಂದೊಂದು ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯನ್ನು ವರ್ಗ ಮಾಡಬೇಕು. ಶಾಲೆಯಲ್ಲಿ ಕಲಿತ ಗುಣಾಕಾರದಲ್ಲಿ ಹೊರಟರೆ ಒಂದೇ ಹೆಜ್ಜೆಗೆ ಸಾವಿರ ಲಕ್ಷ ಕೋಟಿಗೂ ಜಾಸ್ತಿ ಸಣ್ಣ ಗುಣಾಕಾರಗಳು. ಅದು ಆಗದ ಕೆಲಸ. ಅದಕ್ಕೇ ವೇಗದ ಫೂರಿಯೆ ಪರಿವರ್ತನೆ ಎಂಬ ಗಣಿತ ಬಳಸುತ್ತಾರೆ. ಧ್ವನಿಯನ್ನು ಅಲೆಗಳಾಗಿ ಬಿಡಿಸುವ ಅದೇ ಗಣಿತ ಇಲ್ಲಿ ದೊಡ್ಡ ಗುಣಾಕಾರವನ್ನು ಚಿಕ್ಕದು ಮಾಡುತ್ತದೆ.

ಇನ್ನು ಭಾಗಾಕಾರ. ಅದನ್ನಂತೂ ಮಾಡಲೇಬೇಕಾಗಿಲ್ಲ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷ ಬೇಕಾದರೆ ಅಂಕಿಗಳನ್ನು ಕೂಡಿಸಿದರೆ ಸಾಕು, ಅಲ್ವಾ? 9 ಅನ್ನುವುದು 10ಕ್ಕಿಂತ ಒಂದು ಕಡಿಮೆ, ಅದಕ್ಕೇ ಆ ಉಪಾಯ ನಡೆಯುತ್ತದೆ. 999ರಿಂದ ಭಾಗಿಸುವಾಗ ಮೂರು ಮೂರು ಅಂಕಿ ಕತ್ತರಿಸಿ ಕೂಡಿಸಿದರೆ ಆಯಿತು. ಮರ್ಸೆನ್ ಸಂಖ್ಯೆ ಎರಡರ ಘಾತಕ್ಕಿಂತ ಒಂದು ಕಡಿಮೆ. ಹಾಗಾಗಿ ದ್ವಿಮಾನದಲ್ಲಿ ಇದೇ ಉಪಾಯ ಹಾಗೇ ನಡೆಯುತ್ತದೆ. ಉದ್ದ ಸಾಲನ್ನು ಎರಡಾಗಿ ಕತ್ತರಿಸಿ, ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕೆ ಕೂಡಿಸಿದರೆ ಶೇಷ ಕೈಗೆ ಬರುತ್ತದೆ. ದೊಡ್ಡ ಅವಿಭಾಜ್ಯಗಳ ಪಟ್ಟಿಯ ತುದಿಯಲ್ಲಿ ಮರ್ಸೆನ್ ಸಂಖ್ಯೆಗಳೇ ತುಂಬಿರುವುದು ಇದರಿಂದಲೇ. ಆ ಗಾತ್ರದಲ್ಲಿ ಅವಿಭಾಜ್ಯಗಳಿಗೇನೂ ಬರ ಇಲ್ಲ. ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ಸರಾಸರಿ ಒಂಬತ್ತೂವರೆ ಕೋಟಿಗೆ ಒಂದು ಅವಿಭಾಜ್ಯ ಇರುತ್ತದೆ ಅಂತ ಅವಿಭಾಜ್ಯ ಸಂಖ್ಯಾ ಪ್ರಮೇಯ ಹೇಳುತ್ತದೆ. ಇದ್ದರೂ ನಮಗೆ ಅವುಗಳನ್ನು ಗುರುತಿಸಲು ಆಗುತ್ತಿಲ್ಲ. ಈ ಒಂದು ಆಕಾರದವನ್ನು ಮಾತ್ರ ಗುರುತಿಸಬಲ್ಲೆವು.

ಇಷ್ಟು ಉದ್ದದ ಲೆಕ್ಕದಲ್ಲಿ ಒಂದು ಬಿಟ್ (ದ್ವಿಮಾನದ ಒಂದು ಅಂಕಿ) ತಪ್ಪಿದರೂ ಉತ್ತರ ಹಾಳು. ಅದಕ್ಕೇ ಈಗ ಮೊದಲು ಫರ್ಮಾ ಪರೀಕ್ಷೆ ಎಂಬ ಬೇರೊಂದನ್ನು ಓಡಿಸುತ್ತಾರೆ. ಅದು "ಅವಿಭಾಜ್ಯ ಇರಬಹುದು" ಅಂತಷ್ಟೇ ಹೇಳುತ್ತದೆ. ಆದರೆ ಲೆಕ್ಕದ ನಡುವೆ ಯಂತ್ರ ತಪ್ಪಿದರೆ ಅದನ್ನು ಹಿಡಿಯುವ ಉಪಾಯ ಅದರಲ್ಲಿದೆ. ರಾಬರ್ಟ್ ಗರ್ಬಿಟ್ಜ್ ಎಂಬವರು 2017ರಲ್ಲಿ ಕೊಟ್ಟದ್ದು ಅದು. ಈ ಸಂಖ್ಯೆಯ ವಿಷಯದಲ್ಲಿ 2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಗ್ರಾಫಿಕ್ಸ್ ಚಿಪ್ "ಇರಬಹುದು" ಅಂದಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಚಿಪ್ ಲ್ಯೂಕಾಸ್-ಲೆಹ್ಮರ್ ಪರೀಕ್ಷೆ ಮುಗಿಸಿ "ಹೌದು" ಅಂದಿತು. ಆಮೇಲೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ತಂತ್ರಾಂಶಗಳಲ್ಲಿ ಮತ್ತೆ ಪರೀಕ್ಷಿಸಿ ನೋಡಿದ ಮೇಲೆಯೇ ಘೋಷಣೆ ಬಂದದ್ದು.

ಯಂತ್ರಗಳ ಮೇಲೆ ಇಂಥ ಲೆಕ್ಕಗಳು ಹಾಕುವ ಒತ್ತಡದಿಂದ ಲೋಕಕ್ಕೂ ಉಪಕಾರ ಆಗಿದೆ. 1994ರಲ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷವನ್ನು ಪತ್ತೆ ಮಾಡಿದ್ದು ಅವಳಿ ಅವಿಭಾಜ್ಯಗಳ (11, 13ರಂತೆ ಎರಡರ ಅಂತರದ ಜೋಡಿಗಳ) ಲೆಕ್ಕ ಮಾಡುತ್ತಿದ್ದ ಥಾಮಸ್ ನೈಸ್ಲಿ ಎಂಬ ಗಣಿತದ ಅಧ್ಯಾಪಕರು. 2016ರಲ್ಲಿ ಸ್ಕೈಲೇಕ್ ಎಂಬ ಚಿಪ್ ಸರಣಿಯ ದೋಷ ಬೆಳಕಿಗೆ ಬಂದದ್ದು ಮರ್ಸೆನ್ ಹುಡುಕಾಟದ ತಂತ್ರಾಂಶ ಓಡಿಸುವಾಗ. ಆ ಚಿಪ್‌ಗಳಿದ್ದದ್ದು ಗಣಿತಜ್ಞರ ಕಂಪ್ಯೂಟರುಗಳಲ್ಲಿ ಮಾತ್ರ ಅಲ್ಲ.

ಗೊತ್ತು, ಆದರೆ ಒಡೆಯಲು ಆಗದು

ಮರ್ಸೆನ್‌ನ ಪಟ್ಟಿಯಲ್ಲಿ 67 ತಪ್ಪಾಗಿ ಸೇರಿತ್ತು ಅಂದೆನಲ್ಲ. ಆ 21 ಅಂಕಿಯ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಲ್ಯೂಕಾಸ್ 1876ರಲ್ಲೇ ತೋರಿಸಿದ್ದ. ಆದರೆ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಅಂತ ಆತನಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗಲು 1903 ಬರಬೇಕಾಯಿತು. ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ ನ್ಯೂಯಾರ್ಕ್‌ನ ಗಣಿತ ಸಭೆಯಲ್ಲಿ ಅದನ್ನು 19,37,07,721 ಮತ್ತು 7,61,83,82,57,287ರ ಗುಣಲಬ್ಧ ಅಂತ ಬರೆದು ತೋರಿಸಿದ. ಒಂದೂ ಮಾತಾಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕೂತ, ಅದನ್ನು ಕಂಡುಹಿಡಿಯಲು ಆತನಿಗೆ ಮೂರು ವರ್ಷದ ಭಾನುವಾರಗಳು ಬೇಕಾದವು ಅಂತ ಹೇಳುತ್ತಾರೆ. ಗುಣಿಸಲು ಕೆಲವು ನಿಮಿಷ, ಒಡೆಯಲು ವರ್ಷಗಳು.

ಇಂದಿಗೂ ಪರಿಸ್ಥಿತಿ ಹೀಗೇ ಇದೆ. ಘಾತಾಂಕ 1277 ಇರುವ ಮರ್ಸೆನ್ ಸಂಖ್ಯೆಯಲ್ಲಿ ಬರೀ 385 ಅಂಕಿ. ಅದು ಅವಿಭಾಜ್ಯ ಅಲ್ಲ ಅಂತ ದಶಕಗಳ ಹಿಂದೆಯೇ ಖಚಿತವಾಗಿದೆ. ನಿಮ್ಮ ಫೋನ್ ಕೂಡ ಕ್ಷಣದಲ್ಲಿ ಆ ಪರೀಕ್ಷೆ ಮಾಡಿಬಿಡುತ್ತದೆ. ಆದರೆ ಅದರ ಒಂದೇ ಒಂದು ಅಪವರ್ತನವೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ನಾಲ್ಕು ಕೋಟಿ ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ನಾವು ಖಚಿತವಾಗಿ ಹೇಳಬಲ್ಲೆವು, 385 ಅಂಕಿಯದನ್ನು ಒಡೆಯಲಾರೆವು. ಪರೀಕ್ಷೆಗೂ ಒಡೆಯುವುದಕ್ಕೂ ನಡುವೆ ಇರುವ ಈ ದೂರವೇ ಈ ಲೇಖನದ ತಿರುಳು.

ಇದರಲ್ಲಿ ಭಾರತದ ಪಾಲೂ ದೊಡ್ಡದು. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಪ್ರಮೇಯ ಕೊಟ್ಟರು. ಯಾವುದೇ ಆಕಾರದ ಸಂಖ್ಯೆಯಾದರೂ ಸರಿ, ಅದು ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದೆ, ಅಂಕಿಗಳು ಹೆಚ್ಚಿದಂತೆ ಕೈಮೀರಿ ಬೆಳೆಯದಷ್ಟು ಸಮಯದಲ್ಲಿ ಹೇಳಬಹುದು ಅಂತ ಸಾಧಿಸಿದರು. ಪರೀಕ್ಷೆ ಸುಲಭ ಅನ್ನುವುದು ಹೀಗೆ ಪ್ರಮೇಯವಾಯಿತು. ಒಡೆಯುವುದು ಕಷ್ಟ ಅನ್ನುವುದು ಮಾತ್ರ ಪ್ರಮೇಯ ಅಲ್ಲ. ಅದು ನಮ್ಮ ಇಷ್ಟು ದಿನದ ಅನುಭವ, ಅಷ್ಟೇ. ಯಾರೂ ಅದನ್ನು ಸಾಧಿಸಿಲ್ಲ. ಬ್ಯಾಂಕು, ಸರ್ಕಾರ ಎಲ್ಲ ಆ ಅನುಭವದ ಮೇಲೆ ನಿಂತಿವೆ ಅನ್ನುವುದು ಜನರಿಗೆ ಗೊತ್ತಿರಬೇಕು.

ಗಲ್ಲೆಯ ಲೆಕ್ಕ

ಈಗ ಹೋಟೆಲಿಗೆ ಬರೋಣ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಪಾವತಿ ನಿಗಮದ ಯುಪಿಐ ಆಗಲಿ, ಬ್ಯಾಂಕಿನ ವೆಬ್‌ಸೈಟ್ ಆಗಲಿ, ಚಾರ್ಟರ್ಡ್ ಅಕೌಂಟೆಂಟ್ ಹಾಕಿಕೊಡುವ ಡಿಜಿಟಲ್ ಸಹಿ ಆಗಲಿ, ಇವೆಲ್ಲ ನಿಂತಿರುವುದು ಸಾರ್ವಜನಿಕ ಕೀಲಿಯ ಗುಪ್ತಲಿಪಿಯ ಮೇಲೆ: ಒಂದು ಕೀಲಿ ಎಲ್ಲರಿಗೂ ಗೊತ್ತು, ಅದರ ಜೋಡಿ ಕೀಲಿ ಒಬ್ಬರ ಹತ್ತಿರ ಮಾತ್ರ ಗುಟ್ಟಾಗಿರುತ್ತದೆ. ಅದರಲ್ಲಿ ಹೆಚ್ಚು ಹೆಸರಾದದ್ದು 1977ರ ಆರ್‌ಎಸ್‌ಎ ಪದ್ಧತಿ. ಎರಡು ದೊಡ್ಡ ಅವಿಭಾಜ್ಯಗಳನ್ನು ಆರಿಸಿ ಗುಣಿಸುತ್ತಾರೆ. ಗುಣಲಬ್ಧವನ್ನು ಎಲ್ಲರಿಗೂ ಕೊಡುತ್ತಾರೆ. ಆ ಎರಡು ಅವಿಭಾಜ್ಯಗಳನ್ನು ಮಾತ್ರ ಬಚ್ಚಿಡುತ್ತಾರೆ. ಗುಣಲಬ್ಧವನ್ನು ಒಡೆಯಬಲ್ಲವನಿಗೆ ಗುಟ್ಟೆಲ್ಲ ಸಿಕ್ಕಿತು ಅಂತಲೇ ಲೆಕ್ಕ.

ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್‌ನ ಕೀಲಿ 617 ಅಂಕಿಯದು. ಅದರೊಳಗಿನ ಒಂದೊಂದು ಅವಿಭಾಜ್ಯವೂ ಸುಮಾರು 309 ಅಂಕಿ. ನಾಲ್ಕು ಕೋಟಿ ಎಲ್ಲಿ, 309 ಎಲ್ಲಿ! ದೊಡ್ಡದು ಯಾಕೆ ಬೇಡ ಅನ್ನುವುದಕ್ಕೆ ಎರಡು ಕಾರಣ. ಒಂದು, ಅಷ್ಟು ಉದ್ದದ ಸಂಖ್ಯೆ ಹಿಡಿದು ಲೆಕ್ಕ ಮಾಡಿದರೆ ಒಂದು ಇಡ್ಲಿ ಪ್ಲೇಟಿನ ಹಣ ಬರಲು ಗಿರಾಕಿ ಗಂಟೆಗಟ್ಟಲೆ ಕಾಯಬೇಕಾದೀತು. ಎರಡನೆಯದು ಇನ್ನೂ ಮುಖ್ಯ. ಕೀಲಿಗೆ ಬೇಕಾದದ್ದು ಯಾರಿಗೂ ಗೊತ್ತಿಲ್ಲದ ಅವಿಭಾಜ್ಯ. ಪತ್ರಿಕೆಯಲ್ಲಿ ಬಂದ ಸಂಖ್ಯೆಯನ್ನು ಗುಟ್ಟಾಗಿ ಇಡುವುದು ಹೇಗೆ? 309 ಅಂಕಿಯ ಅವಿಭಾಜ್ಯಗಳು ಧಾರಾಳವಾಗಿವೆ. ಆ ಗಾತ್ರದಲ್ಲಿ ಸರಾಸರಿ 710 ಸಂಖ್ಯೆಗೆ ಒಂದು ಅವಿಭಾಜ್ಯ. ಸರಿಸಂಖ್ಯೆ ಬಿಟ್ಟರೆ 355ಕ್ಕೆ ಒಂದು. ಸುಮ್ನೆ ಯಾವುದೋ ಬೆಸಸಂಖ್ಯೆ ಆರಿಸಿ ಪರೀಕ್ಷಿಸುತ್ತಾ ಹೋದರೆ ಕಂಪ್ಯೂಟರಿಗೆ ಹೊಸದೊಂದು ಬೇಗನೇ ಸಿಗುತ್ತದೆ. ಹೀಗೆ ಸಿಕ್ಕಿದ ಅವಿಭಾಜ್ಯವನ್ನು ಅದಕ್ಕೂ ಮುಂಚೆ ಯಾರೂ ನೋಡಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಂತ ಎಲ್ಲ ಕಡೆಯೂ ಅವಿಭಾಜ್ಯ ಗುಟ್ಟಾಗಿರಬೇಕು ಅಂತಿಲ್ಲ. ಆ ವಾಟ್ಸಾಪ್ ಸಂದೇಶವನ್ನೇ ನೋಡಿ. ಅದು ಬೀಗ ಹಾಕಿಕೊಂಡು ಬಂದದ್ದು ದೀರ್ಘವೃತ್ತೀಯ ವಕ್ರರೇಖೆಯ ಗುಪ್ತಲಿಪಿಯಿಂದ. ಅದರಲ್ಲಿ ಬಳಸುವ ಅವಿಭಾಜ್ಯ ಎರಡರ 255ನೇ ಘಾತದಲ್ಲಿ 19 ಕಡಿಮೆ. ಬರೀ 77 ಅಂಕಿ, ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿ ಗುಟ್ಟಾಗಿರುವುದು ಬೇರೊಂದು ಸಂಖ್ಯೆ. ಇದೇ ಬಗೆಯ ಇನ್ನೊಂದು ಮಾನಕದಲ್ಲಿ ನಿಜವಾದ ಮರ್ಸೆನ್ ಅವಿಭಾಜ್ಯವೇ ಇದೆ: ಎರಡರ 521ನೇ ಘಾತದಲ್ಲಿ ಒಂದು ಕಡಿಮೆ. ಅದು 157 ಅಂಕಿಯದು. 1952ರ ಜನವರಿಯಲ್ಲಿ ರಾಫೆಲ್ ರಾಬಿನ್ಸನ್ ಆಗಿನ ಸ್ವಾಕ್ ಎಂಬ ಕಂಪ್ಯೂಟರಿನಲ್ಲಿ ಅದನ್ನು ಕಂಡುಹಿಡಿದಾಗ ಅದೂ ಈಗಿನದರಂತೆ ಬರೀ ದಾಖಲೆ ಆಗಿತ್ತು. ಅದನ್ನು ಆರಿಸಿಕೊಂಡದ್ದು ಮೇಲೆ ಹೇಳಿದ ಕತ್ತರಿಸಿ ಕೂಡಿಸುವ ಉಪಾಯಕ್ಕಾಗಿ. ಅದರಿಂದ ಲೆಕ್ಕ ಬೇಗ ಆಗುತ್ತದೆ. ಹೊಸ ಸಂಖ್ಯೆಗೂ ಮುಂದೆ ಇಂಥ ಕೆಲಸ ಸಿಕ್ಕೀತು ಅಂತ ನಾನು ಹೇಳಲಾರೆ. ಅದರ ಗಾತ್ರ ಅದಕ್ಕೆ ಅಡ್ಡಿ.

ಹೆದರಬೇಕಾದದ್ದು ಎಲ್ಲಿ

ಆರ್‌ಎಸ್‌ಎ ಕಂಡುಹಿಡಿದ 1977ರಲ್ಲೇ 129 ಅಂಕಿಯ ಸಂಖ್ಯೆಯೊಂದನ್ನು ಸವಾಲಾಗಿ ಇಟ್ಟಿದ್ದರು. ಅದನ್ನು 1994ರಲ್ಲಿ ಒಡೆದರು. 2020ರ ಫೆಬ್ರವರಿಯಲ್ಲಿ 250 ಅಂಕಿಯದು ಒಡೆಯಿತು. ಮಾಮೂಲಿ ಕಂಪ್ಯೂಟರುಗಳಲ್ಲಿ ಇದೇ ವೇಗದಲ್ಲಿ ಹೋದರೆ 617 ಅಂಕಿಯದರ ಹತ್ತಿರಕ್ಕೆ ಸುಳಿಯುವುದು ಬಹಳ ದೂರದ ಮಾತು. ಆದರೆ 1994ರಲ್ಲೇ ಪೀಟರ್ ಶೋರ್ ಎಂಬ ಗಣಿತಜ್ಞ ಇನ್ನೊಂದು ಬಾಗಿಲು ತೆರೆದು ತೋರಿಸಿದ. ಕ್ವಾಂಟಂ ಕಂಪ್ಯೂಟರ್ (ಪರಮಾಣು ಲೋಕದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಯಂತ್ರ) ಅಂತೊಂದು ಸಾಕಷ್ಟು ದೊಡ್ಡದಾಗಿ ಕಟ್ಟಲು ಆದರೆ ಒಡೆಯುವುದೂ ಸುಲಭವೇ ಆಗಿಬಿಡುತ್ತದೆ. ವಕ್ರರೇಖೆಯ ಪದ್ಧತಿಗೂ ಅದೇ ಗತಿ.

ಎಷ್ಟು ದೊಡ್ಡದು ಬೇಕು? 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೋ ಮಾಡಿದ ಅಂದಾಜಿನಲ್ಲಿ, 2048 ಬಿಟ್‌ನ ಕೀಲಿಯನ್ನು 8 ಗಂಟೆಯಲ್ಲಿ ಒಡೆಯಲು 2 ಕೋಟಿ ಕ್ಯೂಬಿಟ್‌ಗಳು (ಕ್ವಾಂಟಂ ಯಂತ್ರದ ಬಿಟ್‌ಗಳು) ಬೇಕಿದ್ದವು. 2025ರ ಮೇ ತಿಂಗಳಲ್ಲಿ ಅದೇ ಗಿಡ್ನಿ ಹೊಸ ಅಂದಾಜು ಕೊಟ್ಟರು: 10 ಲಕ್ಷಕ್ಕೂ ಕಡಿಮೆ ಕ್ಯೂಬಿಟ್‌ಗಳಲ್ಲಿ, ಒಂದು ವಾರದೊಳಗೆ. ಅಷ್ಟು ದೊಡ್ಡ ಯಂತ್ರ ಇನ್ನೂ ಇಲ್ಲ. ಆದರೆ ಆರು ವರ್ಷದಲ್ಲಿ ಬೇಡಿಕೆ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ವಾಟ್ಸಾಪ್‌ನಲ್ಲಿ ಓಡಾಡಬೇಕಾದ ಸುದ್ದಿ ಇದು.

2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಂ ದಾಳಿಗೂ ಜಗ್ಗದಂಥ ಗುಪ್ತಲಿಪಿಯ ಮೊದಲ ಮೂರು ಮಾನಕಗಳನ್ನು ಪ್ರಕಟಿಸಿತು. ಅವುಗಳ ಭದ್ರತೆ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವ ಕಷ್ಟದ ಮೇಲೆ ನಿಂತಿಲ್ಲ. ಭಾರತ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಒಂದು ಪವಾಯಿಯ ಐಐಟಿ ಬಾಂಬೆಯಲ್ಲಿದೆ, ಕಂಪ್ಯೂಟಿಂಗ್‌ಗೆ ಸಂಬಂಧಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕ್ವಾಂಟಂ ಯಂತ್ರ ನಾಳೆ ಬರಲಿ, ಇಪ್ಪತ್ತು ವರ್ಷ ಬಿಟ್ಟು ಬರಲಿ, ಬ್ಯಾಂಕುಗಳು ಈಗಲೇ ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಇವತ್ತು ಬೀಗ ಹಾಕಿದ ಮಾಹಿತಿಯನ್ನು ಕದ್ದು ಇಟ್ಟುಕೊಂಡು, ಯಂತ್ರ ಬಂದ ದಿನ ತೆರೆಯಬಹುದು. ಒಂದು ಪಾವತಿಯ ವಿವರ ಹತ್ತು ವರ್ಷದ ಮೇಲೆ ಯಾರಿಗೆ ಬೇಕು? ಆದರೆ ಆರೋಗ್ಯದ ದಾಖಲೆ, ಬೆರಳಚ್ಚು, ಆಸ್ತಿ ಪತ್ರಗಳ ಮಾತು ಬೇರೆ.

ಮನೆಯ ಕಂಪ್ಯೂಟರಿಂದ ಡೇಟಾ ಸೆಂಟರಿಗೆ

ಈ ಸಂಖ್ಯೆಯನ್ನು ಕಂಡುಹಿಡಿದ ಲ್ಯೂಕ್ ಡ್ಯುರಾಂಟ್ ಅಮೆರಿಕದ ಸ್ಯಾನ್ ಹೋಸೆಯವರು, ಹಿಂದೆ ಎನ್‌ವಿಡಿಯಾದಲ್ಲಿ ಕೆಲಸ ಮಾಡಿದವರು. 17 ದೇಶಗಳ ಡೇಟಾ ಸೆಂಟರುಗಳಲ್ಲಿದ್ದ ಸಾವಿರಾರು ಗ್ರಾಫಿಕ್ಸ್ ಚಿಪ್‌ಗಳನ್ನು ಬಾಡಿಗೆಗೆ ಹಿಡಿದು ಒಟ್ಟಿಗೆ ದುಡಿಸಿದರು. ಅವರು ಸೇರಿಕೊಂಡಿದ್ದ ಗಿಂಪ್ಸ್ ಎಂಬ ಹುಡುಕಾಟವನ್ನು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅದು 18 ಮರ್ಸೆನ್ ಅವಿಭಾಜ್ಯಗಳನ್ನು ಹುಡುಕಿದೆ. ಇದಕ್ಕೂ ಮುಂಚಿನವೆಲ್ಲ ಮನೆ, ಕಚೇರಿ, ಕಾಲೇಜುಗಳಲ್ಲಿದ್ದ ಮಾಮೂಲಿ ಕಂಪ್ಯೂಟರುಗಳಲ್ಲಿ ಸಿಕ್ಕಿದವು. ಡ್ಯುರಾಂಟ್‌ಗೆ ಸಿಕ್ಕ ಬಹುಮಾನ 3,000 ಡಾಲರ್. ಅದನ್ನು ಅವರು ತಾವು ಓದಿದ ಅಲಬಾಮಾದ ಗಣಿತ ವಿಜ್ಞಾನ ಶಾಲೆಗೆ ಕೊಟ್ಟರು.

ಸಾಮಾನ್ಯ ಜನರಿಗೆ ಈ ಕ್ಷೇತ್ರದಲ್ಲಿ ಇನ್ನು ಜಾಗ ಇಲ್ಲವೇ ಅಂತ ಕಳವಳ ಆಗುವುದು ಸಹಜ. ನನಗೂ ಆಯಿತು. ನಮ್ಮ ಪಕ್ಕದ ಡಹಾಣೂನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ 6174 ಎಂಬ ಸಂಖ್ಯೆಯ ವಿಶೇಷ ಗುಣ ಕಂಡುಹಿಡಿದದ್ದು ಬರೀ ಕಾಗದ ಪೆನ್ಸಿಲ್‌ನಿಂದ. ಆದರೆ ಗಿಂಪ್ಸ್‌ನಲ್ಲಿ ಈಗಲೂ ಸಣ್ಣ ಯಂತ್ರಗಳಿಗೆ ಕೆಲಸ ಇದೆ. ಸಣ್ಣ ಅಪವರ್ತನ ಹುಡುಕುವುದು, ಹಳೆಯ ಲೆಕ್ಕಗಳನ್ನು ಮತ್ತೆ ಪರಿಶೀಲಿಸುವುದು. ಇದು ಉಪಚಾರದ ಮಾತಲ್ಲ. ಕ್ರಮ ತಪ್ಪಿ ಸಿಕ್ಕಿದ ಉದಾಹರಣೆಗಳಿವೆ. 2008ರ ಆಗಸ್ಟ್‌ನಲ್ಲಿ ಘಾತಾಂಕ 4,31,12,609 ಸಿಕ್ಕಿತು. ಅದಕ್ಕಿಂತ ಚಿಕ್ಕದಾದ 3,71,56,667 ಮುಂದಿನ ತಿಂಗಳು, 4,26,43,801 ಮುಂದಿನ ವರ್ಷ ಸಿಕ್ಕಿದವು.

ಮುಂದಿನದು ಎಲ್ಲಿ

ಮರ್ಸೆನ್ ಅವಿಭಾಜ್ಯಗಳು ಮುಗಿಯುತ್ತವೆಯೇ, ಮುಗಿಯದೆ ಹೋಗುತ್ತಲೇ ಇರುತ್ತವೆಯೇ? ಯಾರೂ ಸಾಧಿಸಿ ತೋರಿಸಿಲ್ಲ. ಸಂಭವನೀಯತೆಯ ದಾರಿಯಲ್ಲಿ ಮಾಡಿದ ಒಂದು ಊಹೆ ಇದೆ. ಲೆನ್‌ಸ್ಟ್ರಾ, ಪೊಮರೆನ್ಸ್, ವ್ಯಾಗ್‌ಸ್ಟಾಫ್ ಎಂಬ ಮೂವರ ಹೆಸರಿನದು. ಘಾತಾಂಕ ಇಮ್ಮಡಿಯಾದಾಗಲೆಲ್ಲ ಸರಾಸರಿ 1.78 ಹೊಸ ಮರ್ಸೆನ್ ಅವಿಭಾಜ್ಯಗಳು ಸಿಗಬೇಕು ಅಂತ ಅದು ಹೇಳುತ್ತದೆ. ಈಗಿನ ಘಾತಾಂಕದವರೆಗೆ ಲೆಕ್ಕ ಹಾಕಿದರೆ ಸುಮಾರು 48 ಬರುತ್ತದೆ. ಸಿಕ್ಕಿರುವುದು 52. ಕಣ್ಣು ಕಟ್ಟಿಕೊಂಡು ಮಾಡಿದ ಅಂದಾಜಿಗೆ ಇದು ಬಹಳ ಹತ್ತಿರ.

ಅವಿಭಾಜ್ಯಗಳನ್ನು ಸಂಭವನೀಯತೆಯ ಕಣ್ಣಿನಿಂದ ನೋಡುವ ಹಂಬಲ ಈ ನೆಲದಲ್ಲೂ ಇತ್ತು. ಗೋವಾದಲ್ಲಿ 1907ರಲ್ಲಿ ಹುಟ್ಟಿದ ಡಿ. ಡಿ. ಕೋಸಂಬಿ ಪುಣೆಯ ಫರ್ಗ್ಯುಸನ್‌ನಲ್ಲಿ ಪಾಠ ಮಾಡಿ, ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ನಮ್ಮಲ್ಲಿ ಹೆಚ್ಚಿನವರು ಅವರನ್ನು ಇತಿಹಾಸಕಾರ ಅಂತಲೇ ಬಲ್ಲರು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಇದೇ ದಾರಿಯಲ್ಲಿ ಅವಿಭಾಜ್ಯಗಳ ಬೆನ್ನು ಹತ್ತಿದ್ದರು. ಅವಿಭಾಜ್ಯಗಳು ಹೇಗೆ ಹರಡಿಕೊಂಡಿವೆ ಎಂಬುದಕ್ಕೆ ಸಂಬಂಧಿಸಿದ ರೀಮಾನ್ ಊಹೆಗೆ ಅವರು ಕೊಟ್ಟ ರುಜುವಾತನ್ನು ಗಣಿತಜ್ಞರು ಒಪ್ಪಲಿಲ್ಲ. ಆ ಊಹೆ ಇಂದಿಗೂ ಹಾಗೇ ಉಳಿದಿದೆ.

ಹತ್ತು ಕೋಟಿ ಅಂಕಿಯ ಮೊದಲ ಅವಿಭಾಜ್ಯಕ್ಕೆ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 1,50,000 ಡಾಲರ್ ಬಹುಮಾನ ಇಟ್ಟಿದೆ. ಅದಕ್ಕೆ ಸುಮಾರು 33.2 ಕೋಟಿಗೂ ಮೇಲಿನ ಘಾತಾಂಕ ಬೇಕು. ಊಹೆ ಸರಿಯಾಗಿದ್ದರೆ ಇಲ್ಲಿಂದ ಅಲ್ಲಿಯವರೆಗಿನ ದಾರಿಯಲ್ಲಿ ಸರಾಸರಿ ಎರಡಕ್ಕಿಂತ ತುಸು ಜಾಸ್ತಿ ಮರ್ಸೆನ್ ಅವಿಭಾಜ್ಯಗಳು ಇರಬೇಕು. ಎಲ್ಲಿ ಅಂತ ಮಾತ್ರ ಅದು ಹೇಳುವುದಿಲ್ಲ. ಒಂದೊಂದು ಘಾತಾಂಕವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆ ಎತ್ತರದಲ್ಲಿ ಒಂದು ಪರೀಕ್ಷೆಗೆ ಈಗಿನದಕ್ಕಿಂತ ಸುಮಾರು ಆರು ಪಟ್ಟು ಸಮಯ ಹಿಡಿಯುತ್ತದೆ.